ಮೊಲ ತಿನ್ನದೆ ಬಿಟ್ಟ ಊಟ

ನನ್ನ ಹೆಣ್ಣು ಮೊಲ ಬೆಳ್ಳಿಯ ಗೂಡಿನ ಮೂಲೆಯಲ್ಲಿ ಮೊದಲ ಸಲ ಅದನ್ನು ಕಂಡಾಗ ಭೇದಿ ಎಂದೇ ತಿಳಿದೆ. ಕಪ್ಪಗೆ, ಅಂಟಂಟಾಗಿ, ಹುಳಿ ನಾತ ಬೀರುತ್ತ ನೆಲಕ್ಕೆ ಮೆತ್ತಿಕೊಂಡಿತ್ತು. ಬಾಲದ ಕೆಳಗಿನ ಕೂದಲಿಗೂ ಹತ್ತಿತ್ತು. ಸೊಪ್ಪು ತಿಂದೇ ಹೊಟ್ಟೆ ಕೆಟ್ಟಿರಬೇಕು ಎಂದು ಸೊಪ್ಪು, ಒಣಹುಲ್ಲು ಎರಡನ್ನೂ ನಿಲ್ಲಿಸಿ ಬರೀ ಪೆಲೆಟ್ (ಗುಳಿಗೆಯಂತೆ ಒತ್ತಿ ಮಾಡಿದ ಒಣ ಮೇವು) ಹಾಕಿದೆ. ನಾಲ್ಕು ದಿನದಲ್ಲಿ ಗಲೀಜು ಇನ್ನೂ ಹೆಚ್ಚಾಯಿತು. ಮೊಲ ಸಾಕಲು ಶುರುಮಾಡಿದ ವರ್ಷ ನಾನು ಮಾಡಿದ ಅತಿ ದೊಡ್ಡ ತಪ್ಪು ಇದು. ಬೇರೆಯವರ ಮೊಲಕ್ಕೆ ಇದೇ ಪಾಡು ಬರಬಾರದೆಂದು ಬರೆಯುತ್ತಿದ್ದೇನೆ.

ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ: ಇದರ ಜೊತೆಗೆ ಗುಂಡನೆಯ ಗಟ್ಟಿ ಹಿಕ್ಕೆಯೂ ಬೀಳುತ್ತಿದೆಯೇ? ಬೀಳುತ್ತಿದೆ ಎಂದೆ. ಹಾಗಾದರೆ ಭೇದಿಯಲ್ಲ, ನಿಜವಾದ ಭೇದಿಯಲ್ಲಿ ಎಲ್ಲವೂ ನೀರಾಗಿ ಹೋಗುತ್ತದೆ ಎಂದರು. ನಾನು ಒರೆಸಿ ಎಸೆಯುತ್ತಿದ್ದುದು ಬೆಳ್ಳಿ ತಿನ್ನಬೇಕಾಗಿದ್ದ ಊಟವಂತೆ.

ಮೊಲ ತನ್ನ ಹಿಕ್ಕೆ ತಿನ್ನುತ್ತದೆ ಎಂದು ಕೇಳಿದ್ದೆ, ಆದರೆ ಅದೊಂದು ಕೆಟ್ಟ ಚಟ ಎಂದುಕೊಂಡಿದ್ದೆ. ಹಸುವನ್ನು ನೆನೆಸಿಕೊಂಡಾಗ ವಿಷಯ ತಿಳಿಯಾಯಿತು. ಹಸುವಿನಲ್ಲಿ ಹುಲ್ಲು ಹುದುಗುವ ಚೀಲ ಸಣ್ಣ ಕರುಳಿಗಿಂತ ಮೊದಲೇ ಇದೆ. ಅಲ್ಲಿ ಸೂಕ್ಷ್ಮಜೀವಿಗಳು ಬೆಳೆಸಿದ್ದನ್ನೆಲ್ಲ ಮುಂದೆ ಕರುಳು ಹೀರಿಕೊಳ್ಳುತ್ತದೆ. ಮೊಲದ ಹುದುಗುವ ಚೀಲವಾದ ಸೀಕಮ್ ಇರುವುದು ಸಣ್ಣ ಕರುಳು ಮುಗಿದ ಮೇಲೆ. ಜೀರ್ಣಾಂಗದ ಒಟ್ಟು ಗಾತ್ರದಲ್ಲಿ ಸುಮಾರು ಶೇ. 40ರಷ್ಟನ್ನು ಅದೊಂದೇ ತುಂಬಿಕೊಂಡಿರುತ್ತದೆ. ದೊಡ್ಡ ಕರುಳು ತಿಂದದ್ದನ್ನು ಸೋಸುತ್ತದೆ: ದಪ್ಪ ನಾರನ್ನು ಮುಂದೆ ಸಾಗಿಸಿ ಗಟ್ಟಿ ಹಿಕ್ಕೆಯಾಗಿ ಹೊರಗೆ ಹಾಕುತ್ತದೆ, ನೀರನ್ನೂ ಸಣ್ಣ ಕಣಗಳನ್ನೂ ಹಿಂದಕ್ಕೆ ಸೀಕಮ್‌ಗೆ ತಳ್ಳುತ್ತದೆ. ಅಲ್ಲಿ ಹುದುಗಿದಾಗ ಹುಟ್ಟುವ ಕೊಬ್ಬಿನಾಮ್ಲಗಳು ಸೀಕಮ್‌ನ ಗೋಡೆಯ ಮೂಲಕವೇ ರಕ್ತಕ್ಕೆ ಸೇರುತ್ತವೆ. ಸೂಕ್ಷ್ಮಜೀವಿಗಳ ಮೈಯಲ್ಲಿರುವ ಪ್ರೋಟೀನ್, ಅವು ತಯಾರಿಸಿದ ಬಿ ಮತ್ತು ಕೆ ವಿಟಮಿನ್‌ಗಳು ಮಾತ್ರ ಸಣ್ಣ ಕರುಳಿನಿಂದ ಆಚೆಗೆ ಉಳಿದುಬಿಡುತ್ತವೆ. ಅವು ಗಟ್ಟಿ ಹಿಕ್ಕೆಯಲ್ಲದ ಇನ್ನೊಂದು ಬಗೆಯ, ಮೆದು ಹಿಕ್ಕೆಯಾಗಿ ಹೊರಬರುತ್ತವೆ. ದಕ್ಕಬೇಕಾದರೆ ಮತ್ತೆ ಬಾಯಿಂದಲೇ ಒಳಗೆ ಹೋಗಬೇಕು. ಹಸು ಮೆಲುಕು ಹಾಕುತ್ತದೆ, ಮೊಲ ಮೆದು ಹಿಕ್ಕೆ ತಿನ್ನುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದು ಕೆಲವು ದಿನ ಮುಂಜಾನೆ ಗೂಡಿನ ಪಕ್ಕ ಕೂತೆ. ಆಗ ನೋಡಿದ್ದು ಇನ್ನೊಂದು ಮೊಲವನ್ನು, ಸಣಕಲು ಗಂಡು. ಅದು ಹಿಂಗಾಲು ಅಗಲಿಸಿ ಕೂತು, ತಲೆಯನ್ನು ಎರಡು ಕಾಲಿನ ನಡುವೆ ತೂರಿಸಿತು. ಒಂದೆರಡು ಕ್ಷಣ, ಅಷ್ಟೇ. ತಲೆ ಎತ್ತಿದಾಗ ಗಂಟಲು ಆಡುತ್ತಿತ್ತು, ದವಡೆ ಆಡುತ್ತಿರಲಿಲ್ಲ. ಅಗಿಯದೆ ನುಂಗುವುದಕ್ಕೂ ಕಾರಣವಿದೆ. ಮೆದು ಹಿಕ್ಕೆಯ ಮೇಲೆ ತೆಳುವಾದ ಲೋಳೆಯ ಹೊದಿಕೆ ಇರುತ್ತದೆ. ಅದು ಒಡೆಯದಿದ್ದರೆ ಒಳಗಿನ ಸೂಕ್ಷ್ಮಜೀವಿಗಳು ಜಠರದ ಆಮ್ಲದಲ್ಲೂ ಕೆಲವು ಗಂಟೆ ಬದುಕಿ ಕೆಲಸ ಮುಂದುವರಿಸುತ್ತವೆ. ನೆಲಕ್ಕೆ ಬಿದ್ದ ಒಂದು ಗೊಂಚಲನ್ನು ಕೈಗೆತ್ತಿಕೊಂಡು ನೋಡಿದ್ದೇನೆ. ಹಿಪ್ಪುನೇರಳೆ ಹಣ್ಣಿನ ಹಾಗೆ ಪುಟ್ಟ ಪುಟ್ಟ ಗುಂಡುಗಳು ಒಂದಕ್ಕೊಂದು ಅಂಟಿಕೊಂಡು, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ಮೆಲ್ಲಗೆ ಒತ್ತಿದರೂ ಒಡೆದು ನಾತ ಬಂತು.

ಬೆಳ್ಳಿ ಏಕೆ ಬಿಟ್ಟಳು? ಒಂದು, ಬಟ್ಟಲು ತುಂಬ ಪೆಲೆಟ್ ಸಿಗುತ್ತಿದ್ದುದರಿಂದ ಹೊಟ್ಟೆ ತುಂಬಿರುತ್ತಿತ್ತು. ಎರಡು, ಪಿಷ್ಟ ಜಾಸ್ತಿಯಾಗಿ ನಾರು ಕಡಿಮೆಯಾದರೆ ಸೀಕಮ್‌ನ ಸೂಕ್ಷ್ಮಜೀವಿಗಳ ಸಮತೋಲವೇ ಕೆಡುತ್ತದೆ, ಹಿಕ್ಕೆ ಗೊಂಚಲಾಗದೆ ಹಿಟ್ಟಿನಂತಾಗುತ್ತದೆ. ಮೂರನೆಯದು ನನ್ನನ್ನು ಹೆಚ್ಚು ನೋಯಿಸಿತು: ಅವಳು ಬಗ್ಗಿ ಬಾಯಿ ಹಾಕಲಾಗದಷ್ಟು ದಪ್ಪಗಾಗಿದ್ದಳು. ಹಾಗೆ ದಪ್ಪಗಾಗಿಸಿದ್ದು ನಾನೇ.

ಒಣಹುಲ್ಲನ್ನು ಹಗಲು ರಾತ್ರಿ ಮುಂದೆ ಇಟ್ಟೆ. ಪೆಲೆಟ್ಟನ್ನು ಒಮ್ಮೆಲೇ ನಿಲ್ಲಿಸಲಿಲ್ಲ, ಎರಡು ವಾರ ಹಿಡಿದು ಇಳಿಸುತ್ತ, ತಕ್ಕಡಿಯಲ್ಲಿ ತೂಗಿ, ಮೈತೂಕದ ಕಿಲೋಗೆ ದಿನಕ್ಕೆ 25 ಗ್ರಾಂಗೆ ತಂದೆ. ಹಣ್ಣು ಪೂರ್ತಿ ಬಂದ್. ಸೊಪ್ಪು ಸ್ವಲ್ಪ ಸ್ವಲ್ಪವಾಗಿ ಮರಳಿತು. ಮೂರನೇ ವಾರದಲ್ಲಿ ಮೂಲೆ ಒಣಗಿತು. ಅವಳು ಮೈ ಇಳಿಸಲು ತಿಂಗಳುಗಳೇ ಬೇಕಾದವು. ಅಲ್ಲಿಯವರೆಗೆ ಹಿಂಭಾಗದ ಕೂದಲನ್ನು ದಿನವೂ ಉಗುರುಬೆಚ್ಚನೆ ನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ಒಣಗಿಸುತ್ತಿದ್ದೆ. ಆ ಗಲೀಜಿಗೆ ನೊಣ ಬಂದು ಮೊಟ್ಟೆಯಿಟ್ಟರೆ ಹುಳು ಚರ್ಮವನ್ನೇ ತಿನ್ನುತ್ತದೆ. ಈ ಕೆಲಸದಲ್ಲಿ ಸೋಮಾರಿತನ ಕೂಡದು.

ತಪ್ಪು ಯಾವಾಗಲೂ ಪೆಲೆಟ್‌ನದೇ ಅಲ್ಲ. ಹಲ್ಲುನೋವು, ಬೆನ್ನಿನ ಕೀಲುನೋವು ಇದ್ದರೂ ಮೊಲ ಮೆದು ಹಿಕ್ಕೆಯನ್ನು ತಿನ್ನದೆ ಬಿಡುತ್ತದೆ. ಒಮ್ಮೆ ಶಸ್ತ್ರಚಿಕಿತ್ಸೆಯಾದ ಮೇಲೆ ಗಂಡು ಮೊಲದ ಕೊರಳಿಗೆ ಕಾಲರ್ ಹಾಕಿದ್ದರು, ಬಾಯಿ ಹಿಂದಕ್ಕೆ ತಲುಪುತ್ತಿರಲಿಲ್ಲ. ನೆಲದಲ್ಲಿದ್ದ ಗೊಂಚಲನ್ನು ಚಮಚದಲ್ಲಿ ಎತ್ತಿ ಮೂಗಿನ ಬಳಿ ಹಿಡಿದೆ. ಮೂಸಿತು, ತಕ್ಷಣ ನುಂಗಿತು. ಕಾಲರ್ ತೆಗೆಯುವವರೆಗೂ ಹಾಗೇ ತಿನ್ನಿಸಿದೆ.

ಮರಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವು ಹುಲ್ಲು ಕಡಿಯಲು ಶುರುಮಾಡುವ ಹೊತ್ತಿಗೆ ತಾಯಿಯ ಹಿಕ್ಕೆಯನ್ನೂ ತಿನ್ನುತ್ತವೆ, ಅವುಗಳ ಕರುಳಿಗೆ ಒಳ್ಳೆಯ ಸೂಕ್ಷ್ಮಜೀವಿಗಳು ಬರುವ ಒಂದು ದಾರಿ ಅದು. ಹಾಗಾಗಿ ಆ ವಾರಗಳಲ್ಲಿ ಗೂಡನ್ನು ತೀರಾ ತಿಕ್ಕಿ ತೊಳೆಯುವುದಿಲ್ಲ. ಮನೆಯಲ್ಲಿರುವ ಆ್ಯಂಟಿಬಯೋಟಿಕ್‌ಗಳನ್ನು ಮೊಲಕ್ಕೆ ಎಂದೂ ಕೊಡಬೇಡಿ. ಅಮಾಕ್ಸಿಸಿಲಿನ್‌ನಂಥದ್ದು ಬಾಯಿಂದ ಹೋದರೆ ಸೀಕಮ್‌ನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷಕಾರಿಯಾದವು ಬೆಳೆದು, ಮೊಲ ಸಾಯಬಹುದು. ಅರ್ಧ ದಿನ ಮೊಲ ಏನೂ ತಿನ್ನದೆ, ಗಟ್ಟಿ ಹಿಕ್ಕೆಯೂ ಬೀಳದಿದ್ದರೆ ಬೆಳಗಾಗಲಿ ಎಂದು ಕಾಯದೆ ವೈದ್ಯರ ಬಳಿ ಓಡಿ.

ಈಗ ಬೆಳಗ್ಗೆ ಗೂಡು ಗುಡಿಸುವಾಗ ಒಂದು ಗಟ್ಟಿ ಹಿಕ್ಕೆಯನ್ನು ಬೆರಳ ನಡುವೆ ಪುಡಿಮಾಡಿ ನೋಡುತ್ತೇನೆ. ಬೆಳ್ಳಿಯದು ಮೊದಲು ಚಿಕ್ಕದಾಗಿ, ಕಪ್ಪಗೆ, ಗಡುಸಾಗಿರುತ್ತಿತ್ತು. ಈಗ ದೊಡ್ಡದಾಗಿ, ಕಂದು ಬಣ್ಣಕ್ಕಿದೆ. ಒತ್ತಿದರೆ ಹೊಟ್ಟಿನಂತೆ ಉದುರುತ್ತದೆ, ಹುಲ್ಲಿನ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆ.