ವಿಮಾನದಲ್ಲಿ ತಂದ ಮೊಟ್ಟೆ ಮರಿಯಾಗುವುದಿಲ್ಲ ಅಂದವರಿಗೆ

ಎಕ್ಸ್‌ರೇ ಯಂತ್ರದೊಳಗೆ ಹೋದರೆ ಮೊಟ್ಟೆಯ ಜೀವ ಹೋಯಿತು ಅಂದರು. ಮೇಲೆ ಗಾಳಿಯ ಒತ್ತಡ ಕಡಿಮೆ, ಒಳಗೇ ಕೆಡುತ್ತದೆ ಅಂದರು. ಹೇಳಿದವರೆಲ್ಲ ನನಗಿಂತ ಹಳೆಯ ಕೋಳಿ ಸಾಕಣೆದಾರರೇ. ಈ ಸಲ ಕೈಚೀಲದಲ್ಲಿ ತಂದ ಮೊಟ್ಟೆಗಳಲ್ಲಿ ಹೆಚ್ಚೂಕಡಿಮೆ ಮುಕ್ಕಾಲು ಪಾಲು ಮರಿಯಾಗಿವೆ. ಈಗ ಅವರೇ ಮರಿ ಕೇಳುತ್ತಿದ್ದಾರೆ!

ಮೊದಲೆಲ್ಲ ಪಾರ್ಸೆಲ್‌ನಲ್ಲಿ ತರಿಸುತ್ತಿದ್ದೆ. ಅರ್ಧ ಮರಿಯಾದರೆ ಅದೇ ಪುಣ್ಯ. ಮೊಟ್ಟೆಯ ದುಡ್ಡು, ಸಾಗಣೆ, ಕರೆಂಟು ಎಲ್ಲ ಕೂಡಿಸಿ ಬದುಕಿದ ಮರಿಗಳಿಗೆ ಹಂಚಿ ನೋಡಿದೆ. ಬೆಳೆದ ಹೇಂಟೆಯನ್ನೇ ಕೊಂಡಿದ್ದರೆ ಅಗ್ಗವಾಗುತ್ತಿತ್ತು. ಆಮೇಲೆ ವಿಮಾನದ ಲಗೇಜಿಗೆ ಹಾಕಿ ತಂದೆ. ಒಂದೂ ಒಡೆದಿರಲಿಲ್ಲ. ಆದರೆ ಟಾರ್ಚ್ ಹಿಡಿದರೆ ಬಹಳಷ್ಟರಲ್ಲಿ ಗಾಳಿಗುಳ್ಳೆ, ಅಂದರೆ ಅಗಲ ತುದಿಯೊಳಗೆ ಗಾಳಿ ತುಂಬಿರುವ ಜಾಗ, ಸಡಿಲವಾಗಿ ಓಲಾಡುತ್ತಿತ್ತು. ಕಾವಿಗಿಟ್ಟ ಏಳನೇ ದಿನ ನೋಡಿದರೆ ಕೆಲವು ಖಾಲಿ, ಕೆಲವುಗಳಲ್ಲಿ ರಕ್ತದ ಉಂಗುರ, ಅಂದರೆ ಭ್ರೂಣ ಬೆಳೆಯಲು ಶುರುವಾಗಿ ಸತ್ತ ಗುರುತು. ಆ ಸಲದ ದುಡ್ಡೂ ಹೋಯಿತು.

ಕೈಚೀಲದ ಲೆಕ್ಕವೇ ಬೇರೆ. ಮುಂದಿನ ಸೀಟಿನ ಕೆಳಗೆ ಹಿಡಿಸುವ ಪೆಟ್ಟಿಗೆ, ಒಳಗೆ ಕುಳಿ ಕೊರೆದ ದಪ್ಪ ಸ್ಪಾಂಜ್, ಚೂಪು ತುದಿ ಕೆಳಗೆ. ತಲೆಯ ಮೇಲಿನ ಕಪಾಟಿಗೆ ಮಾತ್ರ ಬೇಡ, ಯಾರೋ ಬಂದು ತಮ್ಮ ಬ್ಯಾಗು ಒತ್ತಿ ತುರುಕುತ್ತಾರೆ. ಟಿಕೆಟ್ ಮಾಡುವ ಮೊದಲೇ ವಿಮಾನ ಕಂಪನಿಯನ್ನು ಕೇಳಿಕೊಳ್ಳಿ. ದೇಶ ದಾಟಿಸುವುದಾದರೆ ಹಕ್ಕಿಜ್ವರದ ನಿಯಮಗಳಿವೆ. ಪರವಾನಗಿ, ಆರೋಗ್ಯ ಪತ್ರ ಇಲ್ಲದೆ ಆ ಕಡೆ ತಲೆ ಹಾಕಬೇಡಿ.

ಎಕ್ಸ್‌ರೇ ವಿಷಯ ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಒಂದೇ ಹಿಂಡಿನ ಮೊಟ್ಟೆಗಳಲ್ಲಿ ಅರ್ಧವನ್ನು ಕೈಯಿಂದಲೇ ತಪಾಸಣೆ ಮಾಡಿ ಅಂತ ಬೇಡಿಕೊಂಡೆ, ಅರ್ಧ ಯಂತ್ರದೊಳಗೆ ಹೋದವು. ಮರಿಯಾಗುವುದರಲ್ಲಿ ಎದ್ದು ಕಾಣುವ ವ್ಯತ್ಯಾಸ ಇರಲಿಲ್ಲ. ಕೈಚೀಲದ ಯಂತ್ರದ ವಿಕಿರಣ ತೀರಾ ಕಡಿಮೆ. ಒತ್ತಡವೂ ಅಷ್ಟೇ. ವಿಮಾನದೊಳಗೆ ಇರುವುದು ಸುಮಾರು 6000ದಿಂದ 8000 ಅಡಿ ಎತ್ತರದ ಬೆಟ್ಟದಲ್ಲಿರುವಷ್ಟು ಒತ್ತಡ. ಬೆಟ್ಟದ ಮೇಲೂ ಕೋಳಿ ಮರಿ ಮಾಡುತ್ತದೆ ಅಲ್ವಾ?

ನಿಜವಾದ ಶತ್ರು ಕುಲುಕಾಟ ಮತ್ತು ಬಿಸಿ. 21 ಡಿಗ್ರಿ ದಾಟಿದರೆ ಭ್ರೂಣ ಅರೆಬರೆ ಬೆಳೆಯಲು ಶುರು ಮಾಡುತ್ತದೆ, ಆಮೇಲೆ ಸೊರಗುತ್ತದೆ. 13ರಿಂದ 18ರ ಒಳಗೆ ಇದ್ದರೆ ಒಳ್ಳೆಯದು. ಬಿಸಿಲಲ್ಲಿ ನಿಲ್ಲಿಸಿದ ಕಾರು ವಿಮಾನಕ್ಕಿಂತ ಅಪಾಯ. ಹಾಗಂತ ಐಸ್ ತಾಗಿಸಿದರೆ ಹೊರಗೆ ತೆಗೆದಾಗ ಚಿಪ್ಪು ಬೆವರುತ್ತದೆ, ಆ ನೀರಿನ ಜೊತೆ ಸೂಕ್ಷ್ಮಜೀವಿ ಒಳಗೆ ಇಳಿಯುತ್ತದೆ. ನನ್ನ ಪೆಟ್ಟಿಗೆ ತಂಪಾಗಿರಲು ಏನಿಡುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ಜಾಸ್ತಿ ದುಡ್ಡು ಸುರಿದಿದ್ದೇನೆ.

ಮನೆಗೆ ಬಂದ ತಕ್ಷಣ ಕಾವಿಗೆ ಇಡಬೇಡಿ. ಅಗಲ ತುದಿ ಮೇಲೆ ಮಾಡಿ ಒಂದು ಇಡೀ ದಿನ ಬಿಡಿ. ಗಾಳಿಗುಳ್ಳೆ ಸಡಿಲ ಕಂಡವನ್ನು ಇನ್‌ಕ್ಯುಬೇಟರಿನಲ್ಲೂ ನಿಲ್ಲಿಸಿಯೇ ಇಡುತ್ತೇನೆ, ಮೊದಲ ಮೂರ್ನಾಲ್ಕು ದಿನ ಹೊರಳಿಸುವುದಿಲ್ಲ. ಉಳಿದದ್ದು ನಿಮಗೆ ಗೊತ್ತಿರುವುದೇ.

ಅಂದಹಾಗೆ, ಪೆಟ್ಟಿಗೆಯ ಸಂದಿಯಲ್ಲಿ ಒಂದಿಷ್ಟು ಕೌಜುಗದ ಮೊಟ್ಟೆಗಳನ್ನೂ ತಂದಿದ್ದೆ. ಚಿಪ್ಪಿನ ಮೇಲೆ ಮಚ್ಚೆ, ಟಾರ್ಚ್ ಹಿಡಿದರೂ ಒಳಗೆ ಏನೂ ಸರಿಯಾಗಿ ಕಾಣುವುದಿಲ್ಲ. ಹದಿನೇಳನೇ ದಿನಕ್ಕೆ ಚಿಪ್ಪು ಒಡೆಯತೊಡಗಿದವು. ಮುಂದಿನ ಸಲ ಬಾತುಕೋಳಿ ಮೊಟ್ಟೆ. ಅದಕ್ಕೆ ಕುಳಿ ದೊಡ್ಡದಾಗಬೇಕು, ಸ್ಪಾಂಜ್ ಹೊಸದಾಗಿ ಕೊರೆಯುತ್ತಿದ್ದೇನೆ.