ಟಿ7 ಎಂಡೋನ್ಯೂಕ್ಲಿಯೇಸ್ ಬಳಸಿ ಜೋಡಿ ತಪ್ಪಿದ ಡಿಎನ್‌ಎ ಪತ್ತೆ ಮಾಡುವುದು ಹೇಗೆ?

ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ನಕಲಾಗುವಾಗ ಬೇಸ್ ಜೋಡಿ ತಪ್ಪಿದರೆ ಮ್ಯೂಟ್‌ಎಸ್ ಪ್ರೋಟೀನ್ ಆ ಜಾಗವನ್ನು ಹಿಡಿದು ಬಾಗಿಸುತ್ತದೆ. ಮ್ಯೂಟ್‌ಎಲ್ ಬಂದು ಕೂಡಿಕೊಳ್ಳುತ್ತದೆ. ಆಮೇಲೆ ಮ್ಯೂಟ್‌ಎಚ್ ಕತ್ತರಿಸುವುದು ಜಿ-ಎ-ಟಿ-ಸಿ ಎಂಬ ಬೇಸ್ ಸರಣಿಯಿರುವ ತಾಣದಲ್ಲಿ; ಅದು ನೂರಾರು ಬೇಸ್ ದೂರವೂ ಇರಬಹುದು. ಅಲ್ಲಿಯೂ ಮೀಥೈಲ್ ಗುರುತು ಇನ್ನೂ ಬೀಳದ ಹೊಸ ಎಳೆಗೆ ಮಾತ್ರ ಕತ್ತರಿ.

ಟಿ7 ಫೇಜ್‌ನ (ಬ್ಯಾಕ್ಟೀರಿಯಾಗೆ ತಗಲುವ ವೈರಸ್) ಡಿಎನ್‌ಎ ಕಡಿಯುವ ಕಿಣ್ವವಾದ ಎಂಡೋನ್ಯೂಕ್ಲಿಯೇಸ್ 1ಕ್ಕೆ ಈ ವಿವೇಚನೆಯಿಲ್ಲ. ಅದು ತಪ್ಪಿದ ಜಾಗದ ಪಕ್ಕದಲ್ಲೇ ಎರಡೂ ಎಳೆಗಳನ್ನು ಕಡಿಯುತ್ತದೆ. ಕ್ರಿಸ್ಪರ್ ಎಂಬ ಜೀನ್ ತಿದ್ದುವ ವಿಧಾನದಿಂದ ಕೋಶಗಳಲ್ಲಿ ತಿದ್ದುಪಡಿ ಎಷ್ಟು ನಡೆದಿದೆ ಎಂದು ನೋಡಲು ಈ ಗುಣವೇ ಬೇಕು. ಈ ಕಿಣ್ವ ಗುರುತಿಸುವುದು ಬೇಸ್‌ಗಳನ್ನಲ್ಲ, ಡಿಎನ್‌ಎಯ ಸೊಟ್ಟ ಆಕಾರವನ್ನು. ಮುಂದಿನ ಎಚ್ಚರಿಕೆಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟುತ್ತವೆ.

ಮೊದಲು ಪಿಸಿಆರ್, ಅಂದರೆ ತಿದ್ದಿದ ಜಾಗದ ಡಿಎನ್‌ಎ ತುಣುಕನ್ನು ಹಲವು ಪಟ್ಟು ನಕಲಿಸುವುದು. ಗುರಿ ತಾಣ ನಡುವಿಗೆ ಬಾರದಂತೆ ಪ್ರೈಮರ್ (ನಕಲು ಶುರುವಾಗುವ ಜಾಗ ಗೊತ್ತುಮಾಡುವ ಚಿಕ್ಕ ಡಿಎನ್‌ಎ ತುಣುಕು) ಆರಿಸಿ. 700 ಬೇಸ್ ತುಣುಕಿನಲ್ಲಿ ತಾಣ 250ರ ಹತ್ತಿರವಿದ್ದರೆ 250 ಮತ್ತು 450ರ ಎರಡು ಪಟ್ಟಿಗಳು ಬೇರೆಬೇರೆಯಾಗಿ ಕಾಣುತ್ತವೆ. ನಕಲು ಮಾಡುವ ಕಿಣ್ವವಾಗಿ ನಿಖರತೆ ಹೆಚ್ಚಿರುವ ಪಾಲಿಮರೇಸನ್ನೇ ಬಳಸಿ; ಅದು ತಪ್ಪು ಮಾಡಿದರೆ ಟಿ7 ಕಿಣ್ವ ಆ ಜಾಗವನ್ನೂ ಕಡಿಯುತ್ತದೆ. ಉತ್ಪನ್ನವನ್ನು ಶುದ್ಧೀಕರಿಸಿ ನೀರಿನಲ್ಲಿ ಇಳಿಸಿಕೊಳ್ಳಿ. ಇಡಿಟಿಎ ಇರುವ ಬಫರ್ ಬೇಡ, ಅದು ಕಿಣ್ವಕ್ಕೆ ಬೇಕಾದ ಮೆಗ್ನೀಸಿಯಂ ಕಸಿದುಕೊಳ್ಳುತ್ತದೆ.

200 ನ್ಯಾನೋಗ್ರಾಂ ಡಿಎನ್‌ಎ, 10 ಪಟ್ಟು ಸಾಂದ್ರತೆಯ ಬಫರ್ 2 ಮೈಕ್ರೋಲೀಟರ್, ಉಳಿದದ್ದು ನೀರು: ಒಟ್ಟು 19 ಮೈಕ್ರೋಲೀಟರ್. 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ. 85ರವರೆಗೆ ಸೆಕೆಂಡಿಗೆ 2 ಡಿಗ್ರಿಯಂತೆ, ಅಲ್ಲಿಂದ 25ಕ್ಕೆ ಸೆಕೆಂಡಿಗೆ 0.1 ಡಿಗ್ರಿಯಂತೆ ಇಳಿಸಿ. ಈ ಎರಡನೇ ಇಳಿಕೆಗೆ 10 ನಿಮಿಷ ಹಿಡಿಯುತ್ತದೆ, ಅವಸರ ಬೇಡ. ಮೂಲ ಎಳೆಯೂ ಬದಲಾದ ಎಳೆಯೂ ಪರಸ್ಪರ ಜೋಡಿಯಾಗಿ ಸೊಟ್ಟ ಡಿಎನ್‌ಎ ಹುಟ್ಟುವುದು ಈ ಹಂತದಲ್ಲೇ.

ಈಗ 10 ಯೂನಿಟ್ ಕಿಣ್ವವಿರುವ 1 ಮೈಕ್ರೋಲೀಟರ್ ಹಾಕಿ 37 ಡಿಗ್ರಿಯಲ್ಲಿ 15 ನಿಮಿಷ ಇಡಿ. 0.25 ಮೋಲಾರ್ ಇಡಿಟಿಎ 1.5 ಮೈಕ್ರೋಲೀಟರ್ ಸೇರಿಸಿ ನಿಲ್ಲಿಸಿ. ಕಿಣ್ವ ಅಥವಾ ಸಮಯ ಹೆಚ್ಚಾದರೆ ಸರಿಯಾದ ಡಿಎನ್‌ಎಯೂ ಕಡಿದು ಜೆಲ್‌ನಲ್ಲಿ ಹೊಗೆಯಂಥ ಕಲೆ ಮೂಡುತ್ತದೆ. ತಿದ್ದದ ಕೋಶಗಳ ಡಿಎನ್‌ಎ ಮತ್ತು ಕಿಣ್ವವಿಲ್ಲದ ನಳಿಕೆ, ಈ ಎರಡು ಕಂಟ್ರೋಲ್ ಇಲ್ಲದೆ ಫಲಿತಾಂಶ ನಂಬಬೇಡಿ. ತಿದ್ದದ ಮಾದರಿಯಲ್ಲೂ ಪಟ್ಟಿಗಳು ಒಡೆದರೆ ಆ ತುಣುಕಿನಲ್ಲಿ ಮೊದಲೇ ಸಹಜ ವ್ಯತ್ಯಾಸವಿರಬಹುದು, ಪ್ರೈಮರ್ ಬದಲಿಸಿ.

2 ಶೇಕಡಾ ಅಗರೋಸ್ ಜೆಲ್‌ನಲ್ಲಿ ಓಡಿಸಿ ಪಟ್ಟಿಗಳ ತೀವ್ರತೆ ಅಳೆಯಿರಿ. ಕಡಿಯದ ಪಾಲು 0.6 ಇದ್ದರೆ ಅದರ ವರ್ಗಮೂಲ 0.775, 1ರಿಂದ ಕಳೆದರೆ ಸುಮಾರು 22.5 ಶೇಕಡಾ ತಿದ್ದುಪಡಿ. 40 ಶೇಕಡಾ ಎಂದು ನೇರವಾಗಿ ಬರೆಯುವುದು ತಪ್ಪು, ಏಕೆಂದರೆ ಬದಲಾದ ಒಂದೊಂದು ಎಳೆ ಒಂದು ಮೂಲ ಎಳೆಯನ್ನೂ ಕಡಿತಕ್ಕೆ ಎಳೆದೊಯ್ಯುತ್ತದೆ. ಒಂದೇ ಬಗೆಯ ಬದಲಾವಣೆ ಬಹುಪಾಲಾದಾಗ ಅವೇ ತಮ್ಮೊಳಗೆ ಸರಿಯಾಗಿ ಜೋಡಿಯಾಗಿ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ.

ಜೀನ್‌ನ ಎರಡೂ ಪ್ರತಿಗಳಲ್ಲಿ ಒಂದೇ ಬದಲಾವಣೆ ಇರುವ ಕ್ಲೋನ್‌ನ (ಒಂದೇ ಕೋಶದಿಂದ ಬೆಳೆದ ಕೋಶಗಳ) ಡಿಎನ್‌ಎ ಅಂತೂ ಕಡಿಯುವುದೇ ಇಲ್ಲ, ತಿದ್ದದ ಡಿಎನ್‌ಎಯಂತೆಯೇ ಕಾಣುತ್ತದೆ. ಅದಕ್ಕೆ ಅಷ್ಟೇ ಪ್ರಮಾಣದ ಮೂಲ ಪಿಸಿಆರ್ ಉತ್ಪನ್ನ ಬೆರೆಸಿ, ಕಾಯಿಸುವ ಹಂತದಿಂದ ಮತ್ತೆ ಮಾಡಿ. ಬದಲಾದದ್ದು ಒಂದೇ ಬೇಸ್ ಆದರೆ ಈ ಕಿಣ್ವ ದುರ್ಬಲ; ಅಲ್ಲಿ ಸೀಕ್ವೆನ್ಸಿಂಗ್ ಮಾಡಿಸಿ.