ಕಾನ್ಸೆಪ್ಟ್ ಕಾರಿನಲ್ಲಿ ನಾನು ಉಳಿಸಿಕೊಳ್ಳುವ ಗೆರೆಗಳು

ಕಾರಿನ ಹೊರಮೈಯನ್ನು ಕಂಪ್ಯೂಟರಿನಲ್ಲಿ ರೂಪಿಸುವ ಸರ್ಫೇಸ್ ಮಾಡೆಲಿಂಗ್ ನನ್ನ ವೃತ್ತಿ. ಪ್ರದರ್ಶನಕ್ಕೆಂದು ಕಟ್ಟಿದ ಕಾನ್ಸೆಪ್ಟ್ ಕಾರನ್ನು ಕಾರ್ಖಾನೆಯಲ್ಲಿ ತಯಾರಿಸಬಹುದಾದ ಕಾರಾಗಿ ಬದಲಿಸುವ ಹೊಣೆ ಬಂದಾಗ, ನಾನು ಮೊದಲು ಅದರ ಪಕ್ಕನೋಟವನ್ನೂ ಎಂಜಿನಿಯರುಗಳು ಕೊಟ್ಟ ನಕ್ಷೆಯನ್ನೂ ಒಂದೇ ಅಳತೆಗೆ ತಂದು, ಮುಂಚಕ್ರಗಳ ಕೇಂದ್ರಗಳು ಕೂಡುವಂತೆ ಒಂದರ ಮೇಲೊಂದು ಇರಿಸುತ್ತೇನೆ. ಯಾವುದು ಎಷ್ಟು ಸರಿಯಬೇಕಾಗುತ್ತದೆ ಎಂಬುದು ಅಲ್ಲಿಯೇ ಕಾಣುತ್ತದೆ.

ಚಕ್ರ ಮತ್ತು ಅದರ ಮೇಲಿನ ಕಮಾನಿನ (ವೀಲ್ ಆರ್ಚ್) ನಡುವಿನ ಅಂತರ ಹೆಚ್ಚಲೇಬೇಕು, ಏಕೆಂದರೆ ಹಳ್ಳದ ರಸ್ತೆಯಲ್ಲಿ ಸಸ್ಪೆನ್ಷನ್ ಕುಗ್ಗಿ ಚಕ್ರ ಮೇಲೇಳಲು ಜಾಗ ಬೇಕು. 2018ರ ಆಟೋ ಎಕ್ಸ್‌ಪೋದಲ್ಲಿ ಕಂಡ ಟಾಟಾ ಎಚ್5ಎಕ್ಸ್ 2019ರಲ್ಲಿ ಹ್ಯಾರಿಯರ್ ಆಗಿ ಬಂದಾಗ ಕಾನ್ಸೆಪ್ಟಿನ ದೊಡ್ಡ ಚಕ್ರಗಳಿರಲಿಲ್ಲ. ಆದರೆ ಮೇಲೆ ಹಗಲಿನಲ್ಲೂ ಉರಿಯುವ ತೆಳುವಾದ ದೀಪ, ಕೆಳಗೆ ಬಂಪರಿನಲ್ಲಿ ಹೆಡ್‌ಲ್ಯಾಂಪ್ ಎಂಬ ಮುಖದ ಜೋಡಣೆ ಉಳಿಯಿತು.

ಇದಕ್ಕಿಂತ ಕಷ್ಟ ಕೊಡುವುದು ಪಕ್ಕದ ಗಾಜು. ಕಾನ್ಸೆಪ್ಟಿನಲ್ಲಿ ಅದು ಕೆಳಗಿಳಿಯಲೇಬೇಕೆಂದಿಲ್ಲವಾದ್ದರಿಂದ ವಿನ್ಯಾಸಕಾರರು ಹೇಗೆ ಬೇಕಾದರೂ ಬಾಗಿಸಬಹುದು. ಮಾರಾಟದ ಕಾರಿನಲ್ಲಿ ಗಾಜು ಬಾಗಿಲೊಳಗೆ ಜಾರಬೇಕು. ಜಾರುವ ದಾರಿಯುದ್ದಕ್ಕೂ ಬಾಗು ಒಂದೇ ಸಮನಾಗಿದ್ದರೆ ಮಾತ್ರ ಅದು ರಬ್ಬರ್ ಬೀಡಿಂಗಿಗೆ ಸಿಕ್ಕಿಕೊಳ್ಳದೆ ಇಳಿಯುತ್ತದೆ. ಆದ್ದರಿಂದ ನಾನು ಗಾಜಿನ ಬಾಗನ್ನು ಮೊದಲು ನಿಗದಿಪಡಿಸಿ, ಬಾಗಿಲು, ಛಾವಣಿಯ ಅಂಚು ಮತ್ತು ಕಿಟಕಿಗಳ ಕೆಳಗೆ ಉದ್ದಕ್ಕೂ ಹಾಯುವ ಭುಜದ ಗೆರೆಯನ್ನು ಅದಕ್ಕೆ ಹೊಂದುವಂತೆ ಮತ್ತೆ ಎಳೆಯುತ್ತೇನೆ. 1995ರ ಫ್ರಾಂಕ್‌ಫರ್ಟ್ ಪ್ರದರ್ಶನದ ಆಡಿ ಟಿಟಿ 1998ರಲ್ಲಿ ಮಾರುಕಟ್ಟೆಗೆ ಬಂದಾಗ ಬಾಗಿಲಿನ ಹಿಂದೆ ಸಣ್ಣ ಗಾಜೊಂದು ಸೇರಿತ್ತು. ಛಾವಣಿಯ ಕಮಾನು, ಚಕ್ರಗಳ ಮೇಲಿನ ಉಬ್ಬು ಮೊದಲಿನಂತೆಯೇ ಇದ್ದವು. ಆ ಗಾಜಿನಿಂದ ಕಾರು ಇನ್ನಷ್ಟು ಚೆಲುವಾಯಿತೆಂದೇ ನನ್ನ ಅಭಿಪ್ರಾಯ.

ಹರಿತವಾದ ಮಡಿಕೆಗಳ ವಿಷಯ ಬಂದಾಗ ನಾನು ತಂಡದವರಿಗೆ ಹ್ಯುಂಡೈ ಅಯಾನಿಕ್ 5 ಕಾರನ್ನು ತೋರಿಸುತ್ತೇನೆ. 1974ರಲ್ಲಿ ಇಟಲಿಯ ವಿನ್ಯಾಸಕಾರ ಜುಜಾರೊ ರೂಪಿಸಿದ, ಮಾರಾಟಕ್ಕೇ ಬಾರದ ಪೋನಿ ಕೂಪೆಯಿಂದ 2019ರ '45' ಕಾನ್ಸೆಪ್ಟ್ ಸ್ಫೂರ್ತಿ ಪಡೆಯಿತು. ಅದರಿಂದ 2021ರ ಅಯಾನಿಕ್ 5 ಬಂದಿತು. ಬಾಗಿಲುಗಳ ಮೇಲೆ ಓರೆಯಾಗಿ ಹಾಯುವ ಮಡಿಕೆ ಅದರಲ್ಲಿ ಉಳಿದಿದೆ. ಪ್ರೆಸ್ಸಿನಲ್ಲಿ ಒತ್ತುವಾಗ ತಗಡು ಹರಿಯದಂತೆ, ಬೆಳಕು ಬಿದ್ದಾಗ ಅಂಚು ಮೊಂಡಾಗಿ ಕಾಣದಂತೆ ಇಂಥ ಮಡಿಕೆಯನ್ನು ಕೂರಿಸಲು ತಗಡನ್ನು ಒತ್ತುವ ಅಚ್ಚು (ಡೈ) ತಯಾರಿಸುವವರೊಂದಿಗೆ ವಾರಗಟ್ಟಲೆ ಕುಳಿತು ಕೆಲಸ ಮಾಡಬೇಕಾಗುತ್ತದೆ ಎಂಬುದನ್ನು ನಾನು ಸ್ವತಃ ಬಲ್ಲೆ.

ಎಂಜಿನಿಯರುಗಳ ಜೊತೆ ಚರ್ಚೆಗೆ ಹೋಗುವಾಗ, ಕದಲಿಸಬಾರದ ಎರಡು ಮೂರು ಗೆರೆಗಳನ್ನು ಮಾತ್ರ ಗುರುತು ಮಾಡಿಕೊಂಡು, ಉಳಿದುದನ್ನೆಲ್ಲ ಬಿಟ್ಟುಕೊಡಲು ಸಿದ್ಧನಾಗಿರುತ್ತೇನೆ. ಒಂದು ಕಾರಿನಲ್ಲಿ ಹಿಂದೆ ಕೂರುವವರ ತಲೆಗೆ ಛಾವಣಿ ತಾಗುತ್ತಿತ್ತು. ನಾನು ಕಾಪಾಡಿಕೊಂಡಿದ್ದ ಗೆರೆ ಛಾವಣಿಯ ಇಳಿಜಾರೇ ಆಗಿದ್ದರಿಂದ, ಹಿಂದಿನ ಸೀಟನ್ನು ತುಸು ತಗ್ಗಿಸಿ, ಒಳಛಾವಣಿಯನ್ನು ತಲೆಯ ಮೇಲ್ಭಾಗದಲ್ಲಿ ಒಳಕ್ಕೆ ತೋಡಿ ಜಾಗ ಮಾಡಿದೆವು.